ಎರಡು ನೀರು ಬಿಟ್ಟ ಲೆಕ್ಕ

ಅವರ ಬಲಗೈಯ ಮೂರು ಬೆರಳ ತುದಿ ಸದಾ ಕಂದು. ಪರ್ಮ್ಯಾಂಗನೇಟಿನ ಕಲೆ, ಎಷ್ಟು ಸೋಪು ಹಚ್ಚಿದರೂ ಹೋಗದು. ಊಟದ ಹೊತ್ತಿಗೆ ಯಾರಾದರೂ ದಿಟ್ಟಿಸಿದರೆ, “ಹೊಲಸಲ್ರೀ, ಕೆಲಸದ ಬಣ್ಣ” ಎಂದು ನಗುತ್ತಿದ್ದರು.

ನಾನು ಸಿರುಗುಪ್ಪದ ಕಾಲೇಜಿಗೆ ಕೆಮಿಸ್ಟ್ರಿ ಉಪನ್ಯಾಸಕಿಯಾಗಿ ಸೇರಿದಾಗ ಅವರು ಲ್ಯಾಬಿನ ತಾತ್ಕಾಲಿಕ ಅಟೆಂಡರ್. ದಿನಾ ತೆಕ್ಕಲಕೋಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಹುಡುಗರಿಗೂ ನಮಗೂ ಅವರು ‘ಅಕ್ಕ’. ಓದಿದ್ದು ಹತ್ತನೇ ಕ್ಲಾಸು, ಆದರೆ ಕಲಿಯುವ ಹಟ ವಿಪರೀತ. “ನೀವು ಬರದುಕೊಡೋ ಗ್ರಾಮು ಎಲ್ಲಿಂದ ಬರತೈತ್ರಿ ಮೇಡಂ?” ಎಂದು ಕೇಳಿದ್ದಕ್ಕೆ ಮೋಲಾರ್ ರಾಶಿ ಕಂಡುಹಿಡಿಯುವುದನ್ನು ಹೇಳಿಕೊಟ್ಟೆ. ಒಂದೊಂದು ಪರಮಾಣುವಿನ ತೂಕ ನೋಡಿ ಕೂಡಿಸುವುದು, ಅಷ್ಟೇ. ಅಂದಿನಿಂದ ಲ್ಯಾಬಿನ ಕಡಪಾ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕದೆ ಅವರು ಏನನ್ನೂ ತೂಗುತ್ತಿರಲಿಲ್ಲ. ಬಾಟಲಿಯ ಚೀಟಿಯನ್ನು ಬೆರಳಿಟ್ಟು ಓದುತ್ತಿದ್ದರು. “ಪುಸ್ತಕದಾಗಿಂದು ತೂಗೋದಲ್ರಿ, ಬಾಟ್ಲ್ಯಾಗಿಂದು ತೂಗಬೇಕು” ಎನ್ನುತ್ತಿದ್ದರು.

ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಆಕ್ಸಾಲಿಕ್ ಆಮ್ಲದ ದ್ರಾವಣಕ್ಕೆ ಲೀಟರಿಗೆ ಮೋಲಾರ್ ರಾಶಿಯ ಹತ್ತರಲ್ಲೊಂದು ಪಾಲು, ಒಂಬತ್ತು ಗ್ರಾಂ ಎಂದು ಬರೆದುಕೊಟ್ಟೆ. ಅಕ್ಕ ಕಲ್ಲಿನ ಮೇಲೆ ಕೂಡಿಸಿ ನೋಡಿದರು.

“ಮೇಡಂ, ನೀವು ತೊಂಬತ್ತು ಹಿಡಿದೀರಿ. ಬಾಟ್ಲಿ ಚೀಟಿ ನೋಡ್ರಿ, ಈ ಹರಳಿನಾಗ ಎರಡು ನೀರಿನ ಅಣು ಅದಾವು. ಅವನ್ನೂ ಕೂಡಿಸಿದ್ರ ನೂರಾ ಇಪ್ಪತ್ತಾರು ಆಗತೈತಿ.”

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಪಕ್ಕದಲ್ಲಿ ಹುಡುಗಿಯರು ನಿಂತಿದ್ದರು, ಒಬ್ಬಳು ಕಿಸಕ್ಕೆಂದಳು. ನನಗೆ ಉರಿದುಹೋಯಿತು. “ಪಾಠ ನಾನು ಮಾಡ್ತೀನಿ. ಬರದಷ್ಟು ತೂಗು, ಸಾಕು” ಎಂದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರಿಗೆ! ಅಕ್ಕ ಕಲ್ಲಿನ ಮೇಲಿನ ಲೆಕ್ಕ ಒರೆಸಿ ಒಂಬತ್ತು ಗ್ರಾಂ ತೂಗಿದರು.

ಮರುದಿನ ದ್ರಾವಣ ಸಪ್ಪೆಯಾಗಿ, ಇಪ್ಪತ್ತು ಮಿಲಿಲೀಟರಿನ ಹತ್ತಿರ ಬರಬೇಕಾದ ಬ್ಯುರೆಟ್ಟಿನ ರೀಡಿಂಗು ಎಲ್ಲ ಮಕ್ಕಳಿಗೂ ಹದಿನಾಲ್ಕಕ್ಕೇ ನಿಂತಿತು. ಬಳ್ಳಾರಿಯಿಂದ ಬಂದಿದ್ದ ಪರೀಕ್ಷಕರು ಕೆಂಡವಾದರು. “ಯಾರ್ರೀ ಈ ದ್ರಾವಣ ಮಾಡಿದ್ದು?”

“ಅಟೆಂಡರ್ ತೂಗಿದ್ದು ಸರ್” ಎಂದೆ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ!

ಅಕ್ಕ ನನ್ನನ್ನೊಮ್ಮೆ ನೋಡಿದರು. “ತಪ್ಪಾತ್ರಿ ಸರ” ಎಂದವರೇ ಹೊಸದಾಗಿ ತೂಗಲು ಹೋದರು, ಈ ಸಲ ಹನ್ನೆರಡು ಪಾಯಿಂಟ್ ಆರು ಗ್ರಾಂ. ಮಕ್ಕಳ ಪರೀಕ್ಷೆ ಉಳಿಯಿತು, ಅಕ್ಕನ ಕೆಲಸ ಉಳಿಯಲಿಲ್ಲ. ಮುಂದಿನ ವರ್ಷಕ್ಕೆ ಅವರು ಬೇಡವೆಂದು ಪ್ರಿನ್ಸಿಪಾಲರು ಹೇಳಿದಾಗ ನಾನು ಅದೇ ಕೋಣೆಯಲ್ಲಿ ಹಾಜರಿ ಪುಸ್ತಕ ತಿರುವುತ್ತಾ ಕೂತಿದ್ದೆ. ಅಕ್ಕ ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದಕ್ಕೆ ದಾರ ಕತ್ತರಿಸಲು ಹೋಗತೊಡಗಿದರೆಂದು ಆಮೇಲೆ ಕೇಳಿದೆ. ನೋಡಲು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಹೋದ ವರ್ಷ ಅಕ್ಕ ತೀರಿಕೊಂಡ ಸುದ್ದಿ ಬಂತು. ಮನೆಯವರ ಮುಂದಾದರೂ ನಿಜ ಹೇಳಿಬಿಡಬೇಕೆಂದು ತೆಕ್ಕಲಕೋಟೆಗೆ ಹೋದೆ. ಮಗಳು ಚಾಪೆ ಹಾಸಿ ಕೂಡಿಸಿದಳು, ಚಹಾ ತಂದಳು.

“ಅವ್ವ ನಿಮ್ಮನ್ನ ಭಾಳ ನೆನಸ್ತಿದ್ಲು ಮೇಡಂ,” ಎಂದಳು. ಲೋಟ ನನ್ನ ಕೈಗಿಟ್ಟು, “ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವ್ವ ಅವತ್ತು ತಪ್ಪು ತೂಗಿದ್ದು ಖರೇನೇನ್ರಿ? ತೂಕದಾಗ ಆಕಿ ಎಂದೂ ತಪ್ಪಿದಾಕಿ ಅಲ್ಲ” ಎಂದಳು.

ಹೇಳಲೆಂದೇ ಹೋಗಿದ್ದೆ. ಆಕೆ ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದೆ.