ಹಾರ್ನಮ್ಮನ ಮಗ

ಆ ಶಾಲೆಯ ವ್ಯಾನಿಗೆ ಹಾರ್ನ್ ಇರಲಿಲ್ಲವೆಂದಲ್ಲ. ಇತ್ತು, ಆದರೆ ಡ್ರೈವರ್ ಅದನ್ನು ಮುಟ್ಟಿದ್ದನ್ನು ಕಂಡವರಿಲ್ಲ. "ನಮ್ ಆಯಾಮ್ಮ ಇರೋವಾಗ ಬ್ಯಾಟರಿ ಯಾಕೆ ದಂಡ ಮಾಡ್ಲಿ?" ಎನ್ನುತ್ತಿದ್ದ. ವ್ಯಾನು ಬೀದಿಯ ತಿರುವಿಗೆ ಬರುವ ಮೊದಲೇ ಅವಳ ಗಂಟಲು ಬಂದಿರುತ್ತಿತ್ತು. "ಷೂ ಹಾಕ್ಕೊಳೋಕೆ ಮುಹೂರ್ತ ನೋಡ್ತಿದೀಯೇನೋ? ಬಂದೆ ಅಂದ್ರೆ ಕಾಲು ಮುರಿದು ಕೈಗೆ ಕೊಡ್ತೀನಿ!" ಷೂ ಕೈಯಲ್ಲೇ ಹಿಡಿದ ಮಗು ಕಿಲಕಿಲ ನಗುತ್ತ ಓಡಿ ಬಂದು, ಕಾಲು ಮುರಿಯಬೇಕಾದ ಅದೇ ಕೈಗಳಿಂದ ವ್ಯಾನು ಹತ್ತಿಸಿಕೊಳ್ಳುತ್ತಿತ್ತು. ಅವಳಿಗೆ ಹಾರ್ನಮ್ಮ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಅವಳಿಗಂತೂ ಅದು ಬಿರುದಿನಂತೆಯೇ ಕೇಳಿಸುತ್ತಿತ್ತು.

ಬೇರೆ ಊರಿನ ಶಾಲೆಯೊಂದರಲ್ಲಿ ಹುಡುಗನೊಬ್ಬ ಸಹಪಾಠಿಗಳನ್ನು ಇರಿದ ಸುದ್ದಿ ಬಂದ ವರ್ಷ, ಇಲ್ಲಿನ ಹೆಡ್‌ಮಿಸ್ಸು ಒಂದು ಕಮಿಟಿ ಮಾಡಿದರು. ಮಕ್ಕಳು ಇಂಥದ್ದಕ್ಕೆ ಕೈಹಾಕುವ ಮೊದಲೇ ಗುರುತಿಸಿ, ಮನೆಯವರೊಂದಿಗೆ ಕೂತು ತಡೆಯುವ ಕಮಿಟಿ. ಅದರಲ್ಲಿ ಹೆಡ್‌ಮಿಸ್ಸು, ಮಕ್ಕಳ ಮನಸ್ಸಿನ ಡಾಕ್ಟರಮ್ಮ, ಬೀಟಿನ ಪೊಲೀಸಪ್ಪ. ಮಕ್ಕಳನ್ನು ಬೆಳಿಗ್ಗೆ ಸಂಜೆ ನೋಡುವವಳೆಂದು ಹಾರ್ನಮ್ಮ.

ಮೊದಲ ಸಭೆಗೇ ಒಂದು ದೂರು ಬಂದಿತ್ತು. ಶೌಚಾಲಯದ ಗೋಡೆಯ ಮೇಲೆ ಯಾರೋ 'ಲೆಕ್ಕದ ಮೇಷ್ಟ್ರನ್ನ ಮುಗಿಸ್ತೀನಿ' ಎಂದು ಗೀಚಿದ್ದರು. ಗೀಚಿದವನನ್ನು ಸ್ಟೇಷನ್ನಿಗೆ ಕರೆಸೋಣ ಎಂದ ಪೊಲೀಸಪ್ಪ. ಹಾರ್ನಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಅಷ್ಟಕ್ಕೇ ಕರೆಸೋದಾದ್ರೆ ಸಾರ್, ನಂಗೆ ನಿಮ್ ಸ್ಟೇಷನ್ನಲ್ಲೇ ಚಾಪೆ ಹಾಸ್ಬಿಡಿ. ಬೆಳಗಿಂದ ಸಂಜೆಗೆ ಎಷ್ಟ್ ಜನದ ಚರ್ಮ ಸುಲೀತೀನೋ!"

ಡಾಕ್ಟರಮ್ಮನೂ ನಕ್ಕರು. "ಸರಿಯಾಗೇ ಹೇಳಿದ್ರಿ ಆಯಾಮ್ಮ. ಬೈಗುಳ ಬೇರೆ, ಏರ್ಪಾಡು ಬೇರೆ. ಬಾಯಲ್ಲಿ ಏನಂದ ಅನ್ನೋದಷ್ಟೇ ಅಲ್ಲ, ಕೈಯಲ್ಲಿ ಏನ್ ಮಾಡ್ತಿದಾನೆ ನೋಡಿ. ಯಾವತ್ತು, ಎಲ್ಲಿ ಅಂತ ಗೊತ್ತುಮಾಡ್ಕೊಂಡಿದಾನಾ? ಇಷ್ಟಪಟ್ಟು ಇಟ್ಕೊಂಡಿದ್ದನ್ನ ಯಾರಿಗಾದ್ರೂ ಕೊಟ್ಬಿಡ್ತಿದಾನಾ? ಬೇಕಾದವರಿಗೆ ಆ ದಿನ ಬರ್ಬೇಡ ಅಂದಿದಾನಾ?"

ಗೀಚಿದ ಹುಡುಗನ ತಾಯಿ ಕಮಿಟಿಗೆ ಬಾಗಿಲನ್ನೇ ತೆಗೆಯಲಿಲ್ಲ. ಹಾರ್ನಮ್ಮ ಹೋಗಿ ಕಿಟಕಿಯಿಂದಲೇ ಕೂಗಿದಳು: "ಮಗ ಅಂತ ಮುಚ್ಚಿಟ್ಕೊಂಡ್ರೆ ಅವನಿಗೇ ಮೋಸ ಕಣಮ್ಮ!" ಬೀದಿಗೆಲ್ಲ ಕೇಳಿಸಿತು. ಬಾಗಿಲು ತೆರೆಯಿತು. ಆ ಹುಡುಗನದು ಬರೀ ಬೈಗುಳವೆಂದು ತಿಳಿದು, ಗೋಡೆಗೆ ಅವನ ಕೈಯಲ್ಲೇ ಸುಣ್ಣ ಹೊಡೆಸಿದರು.

ಹಾರ್ನಮ್ಮನಿಗೂ ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿನ ಮಗನಿದ್ದ. ಬಾಯಿ ಇದೆಯೋ ಇಲ್ಲವೋ ಅನ್ನುವಂಥ ಹುಡುಗ. ಬೆಳಿಗ್ಗೆ ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತು, ಪಕ್ಕದ ಪುಟ್ಟ ಹುಡುಗಿಯೊಬ್ಬಳ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದ. "ನನ್ ಬಾಯಿ ಅವನಿಗೆ ಬರ್ಲಿಲ್ಲ, ನನ್ ಪುಣ್ಯ" ಎಂದು ಅವಳು ಕಂಡವರಿಗೆಲ್ಲ ಹೇಳುತ್ತಿದ್ದಳು. ಮೂರೂ ಹೊತ್ತು ಅಮ್ಮನ ದನಿಯೇ ತುಂಬಿದ ಮನೆಯಲ್ಲಿ ಮಗನ ಮಾತಿಗೆ ಜಾಗವೆಲ್ಲಿತ್ತು? ಅದನ್ನು ಅವಳು ಯೋಚಿಸಲಿಲ್ಲ. ಯಾರಾದರೂ ಹೇಳಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದಳು.

ಒಂದು ಗುರುವಾರ ಸಂಜೆ, ಮಗ ಎಕ್ಸ್‌ಟ್ರಾ ಕ್ಲಾಸೆಂದು ಶಾಲೆಯಲ್ಲೇ ಉಳಿದಿದ್ದ. ಪುಟ್ಟ ಹುಡುಗಿಯನ್ನು ಅವಳ ಮನೆಯ ಮುಂದೆ ಇಳಿಸುವಾಗ ಹಾರ್ನಮ್ಮನ ಕಣ್ಣು ಮಗುವಿನ ಕೈಯ ಮೇಲೆ ಬಿತ್ತು. ಕೈಯಲ್ಲಿ ಮಗನ ಗಡಿಯಾರ, ಮೊಣಕೈವರೆಗೂ ಜಾರುತ್ತಿತ್ತು.

"ಎಲ್ಲೇ ಸಿಕ್ತು ಇದು?"

"ಅಣ್ಣ ಕೊಟ್ಟ. ಇಟ್ಕೋ, ವಾಪಸ್ ಬೇಡ ಅಂದ." ಮಗು ಅವಳ ಕಿವಿಗೆ ಬಾಯಿಟ್ಟು ಗುಟ್ಟು ಹೇಳಿತು: "ನಾಳೆ ಹೊಟ್ಟೆನೋವು ಅಂತ ಹೇಳಿ ಮನೇಲೇ ಇರು ಅಂದಿದಾನೆ. ನಂಗೆ ನಿಜವಾಗ್ಲೂ ಹೊಟ್ಟೆನೋವಿಲ್ಲ ಆಯಾಮ್ಮ."

ಉಳಿದ ಮಕ್ಕಳನ್ನು ಹೇಗೆ ಇಳಿಸಿದಳೋ ಹಾರ್ನಮ್ಮನಿಗೇ ತಿಳಿಯಲಿಲ್ಲ. ಅಂದು ಆ ಬೀದಿಗಳಲ್ಲಿ ಡ್ರೈವರನೇ ಹಾರ್ನ್ ಒತ್ತಬೇಕಾಯಿತು.

ಅಡುಗೆಮನೆಯ ಉದ್ದನೆಯ ಚಾಕು ಕಾಣೆಯಾಗಿ ಎರಡು ದಿನವಾಗಿತ್ತು. ಎಲ್ಲೋ ಇಟ್ಟು ಮರೆತಿರೆಂದು ಅತ್ತೆಯ ಜನ್ಮ ಜಾಲಾಡಿದ್ದಳು. ಈಗ ನೇರ ಮಗನ ಕೋಣೆಗೆ ಹೋಗಿ, ಮಂಚದ ಕೆಳಗಿನ ಹಳೆಯ ಸ್ಕೂಲ್ ಬ್ಯಾಗನ್ನು ಎಳೆದಳು. ಚಾಕುವನ್ನು ಆಟದ ಟೀ ಶರ್ಟಿನಲ್ಲಿ ಸುತ್ತಿ, ಬಿಚ್ಚಿಕೊಳ್ಳದಂತೆ ದಾರ ಕಟ್ಟಿ, ಹಳೆಯ ಪುಸ್ತಕಗಳ ಕೆಳಗೆ ಇಟ್ಟಿದ್ದ. ಗಂಟು ಬಹಳ ಅಚ್ಚುಕಟ್ಟಾಗಿತ್ತು. ಸಿಟ್ಟಿನಲ್ಲಿ ಹಾಕಿದ ಗಂಟಲ್ಲ ಅದು.

ಅವಳು ಆ ಬ್ಯಾಗನ್ನು ತಬ್ಬಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ಚಾಕುವನ್ನು ಅಡುಗೆಮನೆಯಲ್ಲಿಟ್ಟು, ಮಗನಿಗೆ ನಾಲ್ಕು ಬಿಗಿದು, ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಹಾಗೆ ಮಾಡಬೇಕೆಂದೇ ಎದ್ದಳು ಕೂಡ. ಆದರೆ ನಾಳೆ ಬಿಟ್ಟರೆ ನಾಡಿದ್ದು? ಇನ್ನೊಬ್ಬಳ ಕಿಟಕಿಯಲ್ಲಿ ತಾನೇ ಕೂಗಿದ ಮಾತು ಕಿವಿಯಲ್ಲಿ ಗುಂಯ್ಗುಟ್ಟಿತು. ಬ್ಯಾಗನ್ನು ಹಾಗೇ ಹೆಗಲಿಗೇರಿಸಿಕೊಂಡು ಶಾಲೆಯ ಕಡೆ ನಡೆದಳು.

ಹೆಡ್‌ಮಿಸ್ಸಿನ ಮೇಜಿನ ಮೇಲೆ ಅದನ್ನಿಟ್ಟು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಅವರು ಎದ್ದು ಬಂದು, ಬಗ್ಗಿ, ಅವಳ ತುಟಿಯ ಹತ್ತಿರ ಕಿವಿ ಇಟ್ಟು ಕೇಳಬೇಕಾಯಿತು.

"ಏರ್ಪಾಡು ಮೇಡಂ. ನನ್ ಮಗಂದು."

ಎಕ್ಸ್‌ಟ್ರಾ ಕ್ಲಾಸಿನಿಂದ ಹುಡುಗನನ್ನು ಸದ್ದಿಲ್ಲದೆ ಕರೆತಂದರು. ಸುದ್ದಿ ತಿಳಿದು ಡಾಕ್ಟರಮ್ಮ ಬಂದರು, ಪೊಲೀಸಪ್ಪ ಸಮವಸ್ತ್ರ ಬಿಟ್ಟು ಮಾಮೂಲಿ ಬಟ್ಟೆಯಲ್ಲಿ ಬಂದಿದ್ದ. ಹುಡುಗ ಅಮ್ಮನಿಗಲ್ಲ, ಡಾಕ್ಟರಮ್ಮನಿಗೆ ಹೇಳಿದ.

"ನಾನು ಕ್ಲಾಸಿಗೆ ಬಂದ ತಕ್ಷಣ ಪೋಂ ಪೋಂ ಅಂತಾರೆ. ಅಮ್ಮ ಬಯ್ಯೋ ಥರಾನೇ ಬಯ್ದು ನಗ್ತಾರೆ. ನನ್ ಪ್ಯಾಂಟ್ ಬಿಚ್ಚಿಸಿ, 'ಕೂಗೋ ಹಾರ್ನಮ್ಮನ ಮಗನೇ' ಅಂತ ಫೋನಲ್ಲಿ ವಿಡಿಯೊ ಹಿಡ್ಕೊಂಡಿದಾರೆ."

"ಮನೇಲಿ ಹೇಳ್ಬೇಕಾಗಿತ್ತಲ್ಲಪ್ಪ?"

"ಹೇಳಿದ್ರೆ ಅಮ್ಮ ಕ್ಲಾಸಿಗೇ ಬಂದು ಕೂಗ್ತಾಳೆ."

ಹಾರ್ನಮ್ಮ ಅಲ್ಲೇ ಕುರ್ಚಿಯಲ್ಲಿ ಕೂತಿದ್ದಳು. ಆ ಮಾತು ಅವಳನ್ನು ಚಾಕುವಿಗಿಂತ ಆಳಕ್ಕೆ ಇರಿಯಿತು.

ಶುಕ್ರವಾರ ಶಾಲೆಯಲ್ಲಿ ಏನೂ ಆಗಲಿಲ್ಲ. ಏನೂ ಆಗದಂತೆ ಮಾಡಿದವಳಿಗೆ ಯಾರೂ ಹಾರ ಹಾಕಲಿಲ್ಲ. ಫೋನಿನಲ್ಲಿ ಹಿಡಿದ ಹುಡುಗರನ್ನೂ ಅವರ ಅಪ್ಪ ಅಮ್ಮಂದಿರನ್ನೂ ಕಮಿಟಿ ಕರೆಸಿ ಕೂರಿಸಿತು. ಅವರು ತಪ್ಪೊಪ್ಪಿಕೊಂಡು ಹೋಗಿ ಚಾಕುವಿನ ಸುದ್ದಿಯನ್ನು ಊರೆಲ್ಲ ಡಂಗುರ ಸಾರಿದರು. ಅಂಥವನ ತಾಯಿ ನಮ್ಮ ಮಕ್ಕಳ ವ್ಯಾನಿನಲ್ಲಿ ಬೇಡ ಎಂದರು. ಹೆಡ್‌ಮಿಸ್ಸು ಅವಳಿಗೆ ಪ್ರಯೋಗಾಲಯದ ಗಾಜು ತೊಳೆಯುವ ಕೆಲಸ ಕೊಟ್ಟರು. ಅಲ್ಲಿ ಕೂಗಲು ಯಾರೂ ಇರಲಿಲ್ಲ. ಗಂಡ ಮಗನನ್ನೂ ಬಯ್ಯಲಿಲ್ಲ, ಅವಳನ್ನೂ ಮಾತಾಡಿಸಲಿಲ್ಲ. ಅತ್ತೆ ಮಾತ್ರ ಬಂದವರ ಮುಂದೆಲ್ಲ ಅತ್ತಳು: "ಹೆತ್ತ ಮಗನ್ನೇ ಹಿಡಿದುಕೊಟ್ಟಳಲ್ಲ, ಇವಳದೆಂಥ ಹೊಟ್ಟೆ!"

ಮಗನಿಗೆ ಮನೆಯಲ್ಲೇ ಪಾಠ. ವಾರಕ್ಕೊಮ್ಮೆ ಡಾಕ್ಟರಮ್ಮ, ಆಗಾಗ ಕೇರಂ ಆಡುವ ನೆಪದಲ್ಲಿ ಪೊಲೀಸಪ್ಪ. ಅವರ ಹತ್ತಿರ ಅವನು ಒಂದೆರಡು ಮಾತಾಡುತ್ತಿದ್ದ. ಅಮ್ಮನ ಹತ್ತಿರ ಇಲ್ಲ. ಅವಳು ಕೂಗುವುದನ್ನು ಪೂರ್ತಿ ಬಿಟ್ಟಳು. ತರಕಾರಿ ಹೆಚ್ಚಿ, ಚಾಕುವನ್ನು ತೊಳೆದು, ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಮಗನ ಕೋಣೆಗೆ ಗಳಿಗೆಗೊಮ್ಮೆ ಹೋಗಿ ಇಣುಕುತ್ತಿದ್ದಳು. ಅವನು ಗೋಡೆಯ ಕಡೆ ತಿರುಗುತ್ತಿದ್ದ. ತಿಂಗಳುಗಟ್ಟಲೆ ಹೀಗೇ ನಡೆಯಿತು.

ಒಂದು ಮಧ್ಯಾಹ್ನ ಊಟಕ್ಕೆ ಕರೆಯಲೆಂದು ಮತ್ತೆ ಬಾಗಿಲು ದೂಡಿದಳು. ಅವನು ಅಂಗಿ ಬದಲಿಸುತ್ತಿದ್ದ. ಮುಖ ಕೆಂಪೇರಿತು.

"ಇನ್ನೊಂದ್ಸಲ ಬಾಗಿಲು ತಟ್ಟದೆ ಬಂದೆ ಅಂದ್ರೆ ಕಾಲು ಮುರಿದು ಕೈಗೆ ಕೊಡ್ತೀನಿ!"

ದನಿ ಬೀದಿಗೇ ಕೇಳಿಸಿರಬೇಕು. ಹೊರಗಿದ್ದ ಅತ್ತೆ ನಡುಗಿಹೋದಳು. "ಅಯ್ಯೋ, ಆ ಪೊಲೀಸಪ್ಪನಿಗೆ ಫೋನ್ ಮಾಡೇ!"

"ಬೇಡ ಅತ್ತೆ. ಇದು ಬರೀ ಬೈಗುಳ." ಹಾರ್ನಮ್ಮ ಹೊಸ್ತಿಲಲ್ಲೇ ಕುಸಿದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೂಗೊರೆಸಿಕೊಂಡು ಹೇಳಿದಳು: "ಮುರಿಯೋ, ಆಮೇಲೆ ಮುರಿಯುವಂತೆ. ಅನ್ನ ಆರ್ತಿದೆ, ಬಾ."

ಅವನು ಬಂದ. ಬಹಳ ದಿನಗಳ ಮೇಲೆ ಅವಳ ಎದುರಿಗೆ ಕೂತು ಉಂಡ. ತಟ್ಟೆಗಳನ್ನು ತೊಳೆದಿಟ್ಟ ಮೇಲೆ ಅವಳು ಚಾಕುವನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಎಂದಿನಂತೆ ಬೀಗ ಹಾಕಿದಳು.