ದೊಡ್ಡಮ್ಮನ ಸೋಮವಾರ

ಮಾತ್ರೆಯನ್ನು ಫೋನಿಗೆ ತೋರಿಸಿದರೆ ಅದರ ಹೆಸರನ್ನು ಗಟ್ಟಿಯಾಗಿ ಓದಿ ಹೇಳುವ ಆ್ಯಪ್ ಈ ಕಂಪನಿಯ ಧಣಿಯದು. ಕಣ್ಣು ಮಂಜಾದ ದೊಡ್ಡಮ್ಮನಿಗಾಗಿ ಅದನ್ನು ಕಟ್ಟಲು ಕುಳಿತಾಗ ಅವನ ಸಾಮ್ರಾಜ್ಯದಲ್ಲಿ ಇದ್ದದ್ದು ಒಂದು ಮೇಜು ಮತ್ತು ಮೂರು ಕಾಲಿನ ಒಂದು ಕುರ್ಚಿ. ಈಗ ನಾಲ್ಕು ಮಹಡಿ, ಮುನ್ನೂರು ಜನ. ಲಿಫ್ಟಿನಲ್ಲಿ ಹೊಸಬರು "ನೀವು ಯಾವ ವಿಭಾಗ ಸಾರ್?" ಎಂದರೆ "ಹಳೇ ವಿಭಾಗ" ಎಂದು ಜಾರಿಕೊಳ್ಳುತ್ತಾನೆ. ಆದರೆ ಸೋಮವಾರ ಬೆಳಿಗ್ಗೆ ದೊಡ್ಡಮ್ಮ ಬಂದು ಹೊಸದನ್ನೆಲ್ಲ ಪರೀಕ್ಷಿಸುವ ತನಕ ಅಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ. ಘಟಾನುಘಟಿ ಎಂಜಿನಿಯರುಗಳು ಇಂಜೆಕ್ಷನ್ನಿಗೆ ನಿಂತ ಮಕ್ಕಳಂತೆ ಸಾಲಾಗಿ ನಿಲ್ಲುತ್ತಾರೆ. ಈ ಸೋಮವಾರ ಹೂಡಿಕೆದಾರರೂ ಬಂದಿದ್ದರು. ಮಾತ್ರೆಯ ಹೆಸರಿಗಿಂತ ಮೊದಲು ಹತ್ತು ಸೆಕೆಂಡು ಜಾಹೀರಾತು ಹಾಕಿದರೆ ಕಂಪನಿ ಹತ್ತು ದೇಶಕ್ಕೆ ಹರಡುತ್ತದೆ, ಇಲ್ಲದಿದ್ದರೆ ನಾವು ಹೊರಟೆವು ಎಂಬುದು ಅವರ ಮಾತು. ಮಾದರಿಗೆಂದು ಹಾಕಿದ್ದ ಸೋಫಾ ಜಾಹೀರಾತನ್ನು ದೊಡ್ಡಮ್ಮ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ನಾನಿಲ್ಲಿ ಎದೆ ಹಿಡ್ಕೊಂಡು ಕೂತಿದ್ರೆ ಇವನು ಸೋಫಾ ಮಾರ್ತಿದಾನಲ್ಲೋ." "ಹತ್ತೇ ಸೆಕೆಂಡು, ದೊಡ್ಡಮ್ಮ" ಎಂದ ಧಣಿ. "ಹಾಗಾದ್ರೆ ನೀನು ಹತ್ತು ಸೆಕೆಂಡು ಉಸಿರು ಬಿಗಿಹಿಡಿದು ಸೋಫಾ ಕೊಂಡ್ಕೋ." ಧಣಿ ಜಾಹೀರಾತನ್ನು ತೆಗೆಸಿದ, ಹತ್ತು ದೇಶಗಳು ಮೆಟ್ಟಿಲಿಳಿದು ಹೋದವು. ಹೋದ ವರ್ಷವೇ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ದೊಡ್ಡಮ್ಮ ಈಗ ಸೂಜಿಗೆ ತಾವೇ ದಾರ ಪೋಣಿಸುತ್ತಾರೆಂಬುದು ಅವನಿಗೆ ಗೊತ್ತು. ಆದರೂ ಸೋಮವಾರ ಅವರು ಬಾಗಿಲಲ್ಲೇ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಾರೆ, ಅವನು ಏನೂ ತಿಳಿಯದವನಂತೆ ಕೈ ಹಿಡಿದು ಒಳಗೆ ಕರೆದೊಯ್ಯುತ್ತಾನೆ. ನಾಲ್ಕು ಮಹಡಿ ಹುಡುಕಿದರೂ ಅವನ ಮುಖಕ್ಕೇ "ಬೇಡ" ಎನ್ನುವವರು ಇನ್ನೊಬ್ಬರು ಸಿಕ್ಕಿಲ್ಲ.