ಆರ್ಡಿತ್ ಮಲಿಸ್ ಬೆಟ್ಟ ಹತ್ತಿದ್ದು

ಅಮೆರಿಕದ ದಕ್ಷಿಣದ ಜಾರ್ಜಿಯಾ ರಾಜ್ಯದಿಂದ ಹೊರಟು ಬೆಟ್ಟದ ಮೇಲೆ ಬೆಟ್ಟ ದಾಟಿಕೊಂಡು ಉತ್ತರದ ಮೇನ್‌ವರೆಗೂ ಹೋಗುವ ಕಾಲುದಾರಿ, ವರ್ಜೀನಿಯಾದ ಟ್ಯಾನರ್ಸ್ ಗ್ಯಾಪ್‌ಗೆ ಬಂದಾಗ ಊರಿನ ಮುಖ್ಯ ಬೀದಿಯೇ ಆಗಿಬಿಡುತ್ತದೆ. ಅಂಚೆ ಕಚೇರಿ ದಾಟಿ, ಬ್ಯಾಪ್ಟಿಸ್ಟ್ ಚರ್ಚು ದಾಟಿದರೆ ಒಂದು ಹಳದಿ ಮನೆ. ಜಗಲಿಯ ಕಂಬಿಯ ತುಂಬ ಒದ್ದೆ ಕಾಲುಚೀಲ ನೇತಾಡುತ್ತಿದ್ದರೆ ಅದು ಆರ್ಡಿತ್ ಮಲಿಸ್ ಮನೆ. ಯಾರನ್ನೂ ಕೇಳಬೇಕಾಗಿಲ್ಲ.

ಆರ್ಡಿತ್ ಹುಟ್ಟಿದ್ದು ಅದೇ ಬೀದಿಯಲ್ಲಿ. ಶಾಲೆ ಬಿಟ್ಟವಳು ಊರಿನ ಕಾಲುಚೀಲದ ಮಿಲ್ಲಿಗೆ ಸೇರಿದಳು. ಮಿಲ್ಲು ಮುಚ್ಚಿದ ವರ್ಷವೇ ಗಂಡ ರಾಯ್ಸ್ ತೀರಿಕೊಂಡ. ಮುಂದೇನು ಎಂದು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಆ ಕಾಲುದಾರಿ ಹಿಡಿದು ನಡೆಯುತ್ತಿದ್ದ ಗಂಡಹೆಂಡತಿ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಬಂದು ಜಗಲಿಯಲ್ಲಿ ಮಲಗಬಹುದೇ ಎಂದು ಕೇಳಿದರು. ಆರ್ಡಿತ್ ಒಳಗೆ ಕರೆದು ಬಿಸಿ ಸೂಪು ಬಡಿಸಿದಳು. ಅವರು ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದರು. ವಾರ ಕಳೆಯುವಷ್ಟರಲ್ಲಿ ಬಾಗಿಲಲ್ಲಿ ಆರು ಜನ ನಿಂತಿದ್ದರು. ಅಂದಿನಿಂದ ವಸಂತ ಬಂತೆಂದರೆ ಮನೆ ತುಂಬ ಬೊಬ್ಬೆ ಎದ್ದ ಪಾದಗಳು, ಬಕಾಸುರನ ಹಸಿವು.

ಅವಳಿಗೆ ಅರವತ್ತೊಂಬತ್ತಾಗಿದ್ದ ವರ್ಷ, ಮೇ ತಿಂಗಳ ಒಂದು ಬೆಳಿಗ್ಗೆ. ಮೇಜಿನ ಸುತ್ತ ಹತ್ತು ಜನ ಕೂತಿದ್ದರು. ಪ್ಯಾನ್‌ಕೇಕ್ ಹುಯ್ದಷ್ಟೂ ಖಾಲಿಯಾಗುತ್ತಿತ್ತು. ಅವರಲ್ಲಿ ಮಿನೆಸೋಟಾದ ನರ್ಸು ಸಿಗ್ನಿ ಒಬ್ಬಳು. ಆ ಹಾದಿಯಲ್ಲಿ ಯಾರನ್ನೂ ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆಯುವುದಿಲ್ಲ, ಜೊತೆಯವರು ಇಟ್ಟ ಅಡ್ಡಹೆಸರೇ ಗಟ್ಟಿ. ಸಿಗ್ನಿಯ ಗೊರಕೆ ಕೇಳಿದವರು ಅವಳನ್ನು ‘ಗುಡುಗು’ ಎಂದು ಕರೆಯುತ್ತಿದ್ದರು.

“ಮಿಸ್ ಆರ್ಡಿತ್, ನಿನ್ನೆ ಈ ಊರ ಬೆನ್ನಿಗಿರೋ ಬೋಳುಗುಡ್ಡದ ಮೇಲೆ ಕಾಡುಕುದುರೆ ಬಂದು ನನ್ನ ಕೈ ನೆಕ್ತು! ನಿಮ್ಮ ಕೈನೂ ನೆಕ್ಕಿರ್ಬೇಕಲ್ವಾ?” ಎಂದಳು ಗುಡುಗು.

“ಅಯ್ಯೋ, ನಾನೆಲ್ಲಿ ನೋಡಿದೀನಿ ಮಗಳೇ. ಮೇಲಕ್ಕೆ ಹೋಗೇ ಇಲ್ಲ.”

“ಈ ವರ್ಷ ಹೋಗಿಲ್ವಾ?”

“ಹುಟ್ಟಿದಾಗಿಂದ ಹೋಗಿಲ್ಲ.”

ತಿನ್ನುತ್ತಿದ್ದ ಬಾಯಿಗಳೆಲ್ಲ ನಿಂತವು.

ಯಾರೂ ಅವಳನ್ನು ತಡೆದಿರಲಿಲ್ಲ. ಮೊದಲು ಹಾಸಿಗೆ ಹಿಡಿದ ತಾಯಿ, ಆಮೇಲೆ ಮಿಲ್ಲು, ಆಮೇಲೆ ಈ ಮನೆ. ಬೆಟ್ಟ ಅಲ್ಲೇ ಇರುತ್ತದೆ, ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡೇ ದಿನ ಉರುಳಿದ್ದವು.

“ಇವತ್ತೇ ಹೋಗೋಣ. ನನಗೆ ಹೇಗೂ ಇವತ್ತು ನಡಿಗೆಗೆ ರಜ,” ಎಂದು ಗುಡುಗು ಎದ್ದೇಬಿಟ್ಟಳು.

“ರಜ ಅಂದ್ರೆ ಕಾಲು ಚಾಚಿ ಮಲಕ್ಕೊ. ಮಧ್ಯಾಹ್ನಕ್ಕೆ ಹೊಸಬರು ಬರ್ತಾರೆ. ಬೀನ್ಸ್ ಬೇಯಿಸ್ಬೇಕು, ಹಾಸಿಗೆ ಹಾಸ್ಬೇಕು…”

“ಉಳಿದೋರೆಲ್ಲ ಏನು ಕತ್ತೆ ಕಾಯ್ತೀವಾ?” ಎಂದಿತು ಮೇಜಿನ ಆ ತುದಿ. ಯಾರೋ ಅವಳ ಕೈಯಿಂದ ಸೌಟು ಕಿತ್ತುಕೊಂಡರು.

ವ್ಯಾನು ಓಡಿಸುವ ತಮ್ಮ ಹಾರ್ಲನ್ ಬಾಗಿಲಿಗೆ ಒರಗಿ ನಗುತ್ತಿದ್ದ. “ಅಕ್ಕಾ, ತರಕಾರಿ ತರೋಕೂ ನನ್ನ ಗಾಡೀನೇ ಬೇಕು ನಿನಗೆ. ನೀನು ಬೆಟ್ಟ ಹತ್ತೋದಾ?”

ಅದುವರೆಗೂ ಹೋಗುವ ಮನಸ್ಸು ಅವಳಿಗೆ ಅರ್ಧವಷ್ಟೇ ಇತ್ತು. ಆ ಮಾತಿಗೆ ಪೂರ್ತಿಯಾಯಿತು. “ಬಾಯಿ ಮುಚ್ಕೊಂಡು ಗಾಡಿ ತೆಗಿ,” ಎಂದಳು.

ಯಾರೋ ಬಿಟ್ಟುಹೋಗಿದ್ದ ಬೂಟು ಅವಳ ಕಾಲಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಬೆಟ್ಟದ ಆಚೆ ಮಗ್ಗುಲಿನ ರಸ್ತೆಯಲ್ಲಿ ಹಾರ್ಲನ್ ಇಬ್ಬರನ್ನೂ ಇಳಿಸಿ ಹೋದ. ಮೊದಲ ಏರಿನಲ್ಲೇ ಆರ್ಡಿತ್‌ಗೆ ಏದುಸಿರು ಬಂತು. ಬೇರು ಹಿಡಿದು ಹತ್ತಿದಳು, ಬಂಡೆ ಹಿಡಿದು ನಿಂತಳು, ರಾಯ್ಸ್‌ನಿಂದ ಹಿಡಿದು ಹಾರ್ಲನ್‌ವರೆಗೆ ಎಲ್ಲರನ್ನೂ ಬೈದಳು. ಇದ್ದಕ್ಕಿದ್ದಂತೆ ಮರಗಳು ಮುಗಿದವು. ಮುಂದೆ ಬರೀ ಹುಲ್ಲು, ಅದನ್ನು ಮೇಯುವ ಕಾಡುಕುದುರೆಗಳು, ಗಾಳಿ, ಆಕಾಶ.

“ಗುಡುಗೂ! ನಮ್ಮನೆ ಕಣೇ! ಅದೋ ನಮ್ಮನೆ!”

ಕೆಳಗೆ, ಅಂಗೈಯಷ್ಟು ಊರಿನಲ್ಲಿ, ಬೆಳಿಗ್ಗೆ ಅವಳೇ ಒಣಹಾಕಿದ್ದ ಬಿಳಿ ಹಾಸಿಗೆವಸ್ತ್ರಗಳು ಅಕ್ಕಿಕಾಳಿನಂತೆ ಕಾಣುತ್ತಿದ್ದವು. ಆರ್ಡಿತ್ ಮಗುವಿನ ಹಾಗೆ ಕೈ ಬೀಸಿದಳು. ಊರಿಗೇನೂ ಕಾಣಲಿಲ್ಲ. ಆದರೂ ಬೀಸಿದಳು.

ಅಷ್ಟರಲ್ಲಿ ಪಶ್ಚಿಮದ ಕಡೆ ಕಪ್ಪಾಯಿತು. ನಿಜವಾದ ಗುಡುಗು ಗುಡುಗಿತು. ಬೋಳುಗುಡ್ಡದ ಮೇಲೆ ಮಿಂಚಿಗೆ ಸಿಕ್ಕರೆ ಕಥೆ ಮುಗಿದಂತೆ.

“ಓಡಿ!” ಎಂದಳು ಸಿಗ್ನಿ.

“ಯಾರು, ನಾನಾ?”

“ಇನ್ಯಾರು, ಕುದುರೇನಾ? ಓಡಿ!”

ಕುದುರೆಗಳೂ ಓಡಿದವು. ಅವುಗಳ ಹಿಂದೆ ಆರ್ಡಿತ್ ಮಲಿಸ್ ಓಡಿದಳು. ಮಿಲ್ಲಿನ ದಿನಗಳಿಂದ ಈಚೆಗೆ ಅವಳು ಓಡಿದ್ದೇ ಇಲ್ಲ. ಮಳೆ ಚಾಟಿಯಂತೆ ಬೆನ್ನಿಗೆ ಬಡಿಯಿತು. ಇಳಿಜಾರಿನ ಅಂಚಿನಲ್ಲಿ ಕಾಲು ಜಾರಿ, ಕುಂಡೆಯ ಮೇಲೆ ಕೂತವಳು ಕೆಸರಿನಲ್ಲಿ ಸರ್ರನೆ ಜಾರಿಕೊಂಡು ಕಾಡಿನೊಳಗೇ ಹೋಗಿ ನಿಂತಳು. ಹಿಂದೆಯೇ ಓಡಿಬಂದ ಸಿಗ್ನಿ ನೋಡಿದರೆ, ಅಜ್ಜಿ ಕೆಸರಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ.

“ಮೂಳೆ ಮುರೀತಾ?”

“ಮೂಳೆ ಇರ್ಲಿ, ಇಷ್ಟು ದಿನ ನಾನು ಏನ್ ಮಾಡ್ತಿದ್ದೆ ಹೇಳು!”

“ಅಂತೂ ಇಂತೂ ಹತ್ತಿಬಿಟ್ರಲ್ಲ. ಇನ್ಮೇಲೆ ನಿಮ್ಮ ಹೆಸರೇ ‘ಅಂತೂ ಇಂತೂ’!”

ಕಾಡಿನೊಳಗಿನ ದಾರಿ ಹಿಡಿದು ಸಂಜೆಯ ಹೊತ್ತಿಗೆ ಇಬ್ಬರೂ ಊರು ಮುಟ್ಟಿದರು. ಕೆಸರು ಮೆತ್ತಿಕೊಂಡ ಮುದುಕಿಯನ್ನು ಕಂಡು ಅಂಚೆ ಕಚೇರಿಯ ಮೆಟ್ಟಿಲ ಮೇಲಿದ್ದವರು ಮೊದಲು ಗುರುತೇ ಹಿಡಿಯಲಿಲ್ಲ, ಹಿಡಿದ ಮೇಲೆ ಕೇಕೆ ಹಾಕಿದರು. ಹಾರ್ಲನ್ ಬೀದಿಯುದ್ದಕ್ಕೂ ಹಾರನ್ ಬಾರಿಸಿದ. ಮನೆಯಲ್ಲಿ ಬೀನ್ಸ್ ಸೀದು ಹೋಗಿತ್ತು. ಆರ್ಡಿತ್ ಸೀದದ್ದನ್ನೇ ಎರಡು ಬಟ್ಟಲು ತಿಂದಳು.

ಬೆಳಗಾಯಿತು. ಸಿಗ್ನಿ ಚೀಲ ಬಿಗಿಯುತ್ತಿದ್ದಾಗ ಆರ್ಡಿತ್ ಕೂಡ ಯಾರದೋ ಹಳೆಯ ಚೀಲ ಹೆಗಲಿಗೇರಿಸಿ ಜಗಲಿಗೆ ಬಂದಳು.

“ಇದೇನಿದು?” ಎಂದ ಹಾರ್ಲನ್.

“ಪಕ್ಕದ ಊರಿನ ತನಕ ಹೋಗಿ ಬರ್ತೀನಿ.”

“ಮನೆ ಯಾರು ನೋಡ್ಕೋತಾರೆ?”

“ನೀನು. ಬೀನ್ಸ್ ಸೀಯಿಸ್ಬೇಡ.”

ಎರಡು ದಿನದ ದಾರಿ. ಪಕ್ಕದ ಊರಲ್ಲಿ ಡ್ಯೂಯಿ ಕೆಗ್ಲಿ ಎಂಬಾತನದೂ ಇಂಥದೇ ತಂಗುಮನೆ. ವರ್ಷಗಟ್ಟಲೆ ಇಬ್ಬರೂ ಫೋನಿನಲ್ಲೇ ಮಾತಾಡಿದ್ದರು, ಹಾಸಿಗೆ ಖಾಲಿ ಇದೆಯೇ ಎಂದು ವಿಚಾರಿಸಿಕೊಂಡಿದ್ದರು, ಮುಖ ನೋಡಿರಲಿಲ್ಲ. ದನಿ ಕೇಳಿಯೇ ಡ್ಯೂಯಿಗೆ ಗುರುತು ಸಿಕ್ಕಿತು.

“ಆರ್ಡಿತ್ ಅವರಾ? ನಡ್ಕೊಂಡು ಬಂದ್ರಾ!”

“ಹಾರ್ಕೊಂಡು ಬಂದ್ನಾ ಮತ್ತೆ?”

ಊಟ ಮುಗಿದದ್ದೇ ಅಭ್ಯಾಸಬಲದಿಂದ ಎದ್ದು ಎಲ್ಲರ ತಟ್ಟೆ ಎತ್ತತೊಡಗಿದಳು. ಡ್ಯೂಯಿ ಅವಳ ಹೆಗಲು ಹಿಡಿದು ಕೂರಿಸಿದ. “ಕಾಲು ಚಾಚಿ ಕೂತ್ಕೊಳ್ಳಿ. ತಟ್ಟೆ ತೊಳೆಯೋದು ನನ್ನ ಕೆಲಸ.” ಸುಮ್ಮನೆ ಕೂತಿರುವುದು ಹೇಗೆ ಎಂದು ಕಲಿಯಲು ಆರ್ಡಿತ್‌ಗೆ ಆ ಸಂಜೆ ಪೂರ್ತಿ ಬೇಕಾಯಿತು. ಮರುದಿನ ಗುಡುಗು ಉತ್ತರಕ್ಕೆ ನಡೆದಳು. ಆರ್ಡಿತ್‌ಳನ್ನು ವಾಪಸು ಕರೆತರಲು ಹಾರ್ಲನ್ ಗೊಣಗುತ್ತಲೇ ವ್ಯಾನು ತಂದ.

ಆಮೇಲೆ ಪ್ರತಿ ಮೇ ತಿಂಗಳೂ ಬಿಟ್ಟ ಜಾಗದಿಂದ ಒಂದು ತುಂಡು ದಾರಿ ನಡೆಯುವುದು ಅವಳಿಗೆ ರೂಢಿಯಾಯಿತು. ಆಗೆಲ್ಲ ಮನೆಯ ಜವಾಬ್ದಾರಿ ಹಾರ್ಲನ್‌ದು. ಎಪ್ಪತ್ತಮೂರು ತುಂಬಿದ ವರ್ಷ ವರ್ಜೀನಿಯಾ ಮುಗಿಸಿ, ಪೊಟೋಮ್ಯಾಕ್ ನದಿಯ ಸೇತುವೆಗೆ ಬಂದಳು. ಆಚೆ ದಡ ಬೇರೆಯೇ ರಾಜ್ಯ. ನಡುಸೇತುವೆಯಲ್ಲಿ ನಿಂತು ತಮ್ಮನಿಗೆ ಫೋನ್ ಮಾಡಿದಳು. ಪಕ್ಕದ ಹಳಿಯಲ್ಲಿ ಗೂಡ್ಸ್ ರೈಲು ಧಡಧಡನೆ ಹೋಗುತ್ತಿತ್ತು.

“ಏನೂ ಕೇಳಿಸ್ತಿಲ್ಲ ಅಕ್ಕಾ!” ಎಂದು ಅವನು ಕೂಗಿದ.

“ಮೇರಿಲ್ಯಾಂಡ್ ಕಣೋ! ಎದುರಿಗೇ ಇದೆ! ಇಡು ಫೋನು, ನಾನು ಹೊರಟೆ!”